ತೆಳು ಗಾಜಿನ ಕನ್ನಡಿ, ಮನೆಯಲ್ಲೇ ಕಟ್ಟಿದ ಬಾತ್ ಇಂಟರ್‌ಫೆರೋಮೀಟರ್

ಎಂಟು ಇಂಚಿನ ಎಫ್/5 (ನಾಭಿದೂರ ವ್ಯಾಸದ ಐದರಷ್ಟು) ದೂರದರ್ಶಕದ ಕನ್ನಡಿಯನ್ನು 19 ಮಿ.ಮೀ. ದಪ್ಪದ ಸಾಮಾನ್ಯ ಗಾಜಿನಲ್ಲಿ ಉಜ್ಜಿ, ಅದನ್ನು ಮನೆಯಲ್ಲೇ, ಎರಡು ಕಿರಣಗಳು ಸೇರಿದಾಗ ಮೂಡುವ ಬೆಳಕಿನ ಪಟ್ಟೆಗಳಿಂದ ಮೇಲ್ಮೈಯ ಆಕಾರ ತೋರಿಸುವ ಬಾತ್ ಇಂಟರ್‌ಫೆರೋಮೀಟರಿನಿಂದ ಅಳೆಯುತ್ತೇನೆಂದು ಹೇಳಿದಾಗ ನಮ್ಮ ಬಳಗದಲ್ಲಿ ಯಾರೂ ನಂಬಲಿಲ್ಲ. "ಇಷ್ಟು ತೆಳುವಾದ ಗಾಜು ನಿಲ್ಲಿಸಿದರೇ ಬಾಗುತ್ತದೆ, ನೀವು ಅಳೆಯುವುದು ಕನ್ನಡಿಯನ್ನಲ್ಲ, ಸ್ಟ್ಯಾಂಡನ್ನು" ಎಂದು ಹಿರಿಯರೊಬ್ಬರು ಎಚ್ಚರಿಸಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು.

ಕನ್ನಡಿಯಿಂದ ಮರಳುವ ಬೆಳಕನ್ನು ಅಲಗಿನಿಂದ ತಡೆದು ನೋಡುವ ಫೂಕೊ ಪರೀಕ್ಷೆಯನ್ನು ನಾನೂ ತಿಂಗಳುಗಟ್ಟಲೆ ಮಾಡಿದ್ದೇನೆ. ದೀಪ ಸ್ಥಿರವಾಗಿದ್ದಾಗ ಈ ಕನ್ನಡಿಯ ನಡುವಿಗೂ ಅಂಚಿಗೂ ಅಲಗಿನ ಸ್ಥಾನದಲ್ಲಿ ಸುಮಾರು 5 ಮಿ.ಮೀ. ವ್ಯತ್ಯಾಸ ಬರಬೇಕು; ನನ್ನ ಓದುಗಳೋ ಒಂದು ಸಂಜೆಯಿಂದ ಇನ್ನೊಂದಕ್ಕೆ ಕಾಲು ಮಿ.ಮೀ.ನಷ್ಟು ಜಾರುತ್ತಿದ್ದವು. ಒಂದೇ ವ್ಯಾಸದ ಉದ್ದಕ್ಕೂ ಓದುವುದರಿಂದ ಅಸ್ಟಿಗ್ಮ್ಯಾಟಿಸಂ (ಬೇರೆ ಬೇರೆ ದಿಕ್ಕಿನಲ್ಲಿ ಬಾಗು ಬೇರೆಯಾಗಿರುವ ದೋಷ) ಇದ್ದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಬಾತ್ ಕಟ್ಟಲು ಲೇಸರ್ ಡಯೋಡನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂರು ರೂಪಾಯಿಗೆ ಕೊಂಡೆ. ಹಳೆಯ ಸೂಕ್ಷ್ಮದರ್ಶಕದ ಚಲಿಸುವ ವೇದಿಕೆಯೊಂದು ಭಾನುವಾರದ ಸಂತೆಯಲ್ಲಿ ಐನೂರಕ್ಕೆ ಸಿಕ್ಕಿತು. ಕಿರಣ ವಿಭಜಿಸುವ ಘನದಲ್ಲಿ ಮಾತ್ರ ಮೋಸಹೋದೆ. ಅಗ್ಗವೆಂದು ಸುಮಾರು ಎರಡು ಸಾವಿರ ಕೊಟ್ಟು ತರಿಸಿದ್ದು ಧ್ರುವೀಕರಿಸುವ ಘನವಾಗಿತ್ತು. ಅದರಿಂದ ಹೊರಟ ಎರಡು ಕಿರಣಗಳ ಧ್ರುವೀಕರಣ ಪರಸ್ಪರ ಲಂಬವಾಗಿರುವುದರಿಂದ ಎರಡು ವಾರ ತಡಕಾಡಿದರೂ ಪಟ್ಟೆಗಳೇ ಕಾಣಲಿಲ್ಲ. ಸಾಧಾರಣ ಘನಕ್ಕೆ ಮತ್ತೆ ಅಷ್ಟೇ ಹಣ ಸುರಿದೆ. ಒಟ್ಟು ಖರ್ಚು ಆರೇಳು ಸಾವಿರ ದಾಟಲಿಲ್ಲ. ಡಯೋಡ್ ಬಿಸಿಯಾದಂತೆ ಪಟ್ಟೆಗಳು ಮಸುಕಾಗುವುದನ್ನು ತಡೆಯಲು ಮಾಡಿಕೊಂಡ ಒಂದು ಪುಟ್ಟ ಏರ್ಪಾಡನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಪಟ್ಟೆಗಳು ಬಂದ ಮೇಲೆ ಬಂದದ್ದು ನಿಜವಾದ ಸಂಕಟ. ಪಟ್ಟೆಯಿಂದ ಪಟ್ಟೆಗೆ ಮೇಲ್ಮೈಯಲ್ಲಿ ಸುಮಾರು 325 ನ್ಯಾನೋಮೀಟರ್ ವ್ಯತ್ಯಾಸ; ಈ ಕನ್ನಡಿಗೆ ಬೇಕಾದ ಪರವಲಯ ಆಕಾರವು ಅದಕ್ಕೆ ಅತಿ ಸಮೀಪದ ಗೋಳಾಕಾರದಿಂದ ಬೇರೆಯಾಗುವುದು ಹೆಚ್ಚೆಂದರೆ 0.4 ಮೈಕ್ರಾನ್. ಪಟ್ಟೆಗಳ ಚಿತ್ರದಿಂದ ಮೇಲ್ಮೈಯನ್ನು ಲೆಕ್ಕಹಾಕುವ ಡಿಎಫ್‌ಟಿ ಫ್ರಿಂಜ್ ತಂತ್ರಾಂಶಕ್ಕೆ ವ್ಯಾಸ 203 ಮಿ.ಮೀ. ಎಂದು ಕೊಟ್ಟೆ. ಆದರೆ ಚಿತ್ರದಲ್ಲಿ ನಾನು ಗುರುತಿಸಿದ್ದು ಅಂಚಿನ ಓರೆಯನ್ನು ಬಿಟ್ಟು ಉಳಿದ 199 ಮಿ.ಮೀ. ವೃತ್ತವನ್ನು. ಗೋಳವನ್ನು ಪರವಲಯವಾಗಿಸುವ ತಿದ್ದುಪಡಿ ವ್ಯಾಸದ ನಾಲ್ಕನೇ ಘಾತದಂತೆ ಏರುವುದರಿಂದ, ಆ ನಾಲ್ಕು ಮಿ.ಮೀ. ಸುಮಾರು ಶೇ. 8ರಷ್ಟು ಕೊರತೆಯನ್ನು ತೋರಿಸಿತು. ಅದನ್ನು ನಂಬಿ ಮೂರು ವಾರ ಪಾಲಿಶ್ ಮಾಡಿದೆ. ಸರಿಯಾಗಿದ್ದ ಕನ್ನಡಿಯ ತಿದ್ದುಪಡಿ ಮಿತಿ ಮೀರಿತು. ಹಬಲ್ ದೂರದರ್ಶಕದ ಮುಖ್ಯ ಕನ್ನಡಿಯ ಕಥೆಯೂ ಇದೇ ಬಗೆಯದು: ಪರೀಕ್ಷಾ ಸಾಧನದ ಒಂದು ಮಸೂರ 1.3 ಮಿ.ಮೀ. ತಪ್ಪು ಜಾಗದಲ್ಲಿ ಕೂತಿತ್ತು, ಬೇರೆ ಪರೀಕ್ಷೆಗಳು ಕೊಟ್ಟ ಸುಳಿವನ್ನು ಕಡೆಗಣಿಸಲಾಯಿತು, ಅಂಚು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಯಿತು. ನನ್ನದು ಪಾಲಿಶ್ ಪುಡಿಯಾದ ಸೀರಿಯಂ ಆಕ್ಸೈಡಿನ ಖರ್ಚಿನಲ್ಲಿ ಮುಗಿಯಿತು.

ಹಿರಿಯರ ಆಕ್ಷೇಪಕ್ಕೆ ಉತ್ತರ ಸಿಕ್ಕಿದ್ದು ಕನ್ನಡಿಯನ್ನು ತಿರುಗಿಸಿದಾಗ. ಎರಡು ಗೂಟಗಳ ಮೇಲೆ ನಿಲ್ಲಿಸಿದಾಗ ಬೆಳಕಿನ ಅರ್ಧ ಅಲೆಯುದ್ದದಷ್ಟು ಅಸ್ಟಿಗ್ಮ್ಯಾಟಿಸಂ ತೋರುತ್ತಿತ್ತು. ಕನ್ನಡಿಯನ್ನು 90 ಡಿಗ್ರಿಯಂತೆ ನಾಲ್ಕು ಸ್ಥಾನಗಳಿಗೆ ತಿರುಗಿಸಿ, ಪ್ರತಿ ಸ್ಥಾನದಲ್ಲಿ ಹತ್ತು ಹನ್ನೆರಡು ಚಿತ್ರ ತೆಗೆದೆ. ದೋಷದ ಬಹುಪಾಲು ತಿರುಗದೆ ನಿಂತಲ್ಲೇ ನಿಂತಿತು, ಅಂದರೆ ಅದು ಸ್ಟ್ಯಾಂಡಿನದು. ಕನ್ನಡಿಯೊಡನೆ ತಿರುಗಿದ ಪಾಲು ಇಪ್ಪತ್ತನೇ ಒಂದು ಅಲೆಯಷ್ಟೂ ಇರಲಿಲ್ಲ. ಕಾರಿನ ಸೀಟ್ ಬೆಲ್ಟಿನ ಪಟ್ಟಿಯಲ್ಲಿ ತೂಗುಹಾಕಿದಾಗ ಸ್ಟ್ಯಾಂಡಿನ ಪಾಲೂ ಮೂರನೇ ಒಂದಕ್ಕೆ ಇಳಿಯಿತು. ನಡುವೆ ಸೈಕಲ್ ಟ್ಯೂಬಿನಲ್ಲೂ ತೂಗಿ ನೋಡಿದೆ. ಅದು ಹಿಗ್ಗಿ ಕನ್ನಡಿ ನಿಧಾನವಾಗಿ ಕೆಳಗಿಳಿಯುತ್ತಿತ್ತು, ಪ್ರಯೋಗ ಮಾಡುವವರು ಕೆಳಗೆ ಹಾಸಿಗೆ ಹಾಸಿಕೊಳ್ಳಿ.

ಚಿತ್ರಗಳನ್ನೆಲ್ಲ ರಾತ್ರಿ ಎರಡರಿಂದ ನಾಲ್ಕರೊಳಗೆ, ಲಾರಿಗಳಿಲ್ಲದ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ತೆಗೆದೆ. ಮಿತಿ ಮೀರಿದ ತಿದ್ದುಪಡಿಯನ್ನು ಹಿಂದಕ್ಕೆ ತಂದ ಪಾಲಿಶಿನ ಬಗೆಯನ್ನು ಇನ್ನೊಮ್ಮೆ ಹೇಳಬಹುದು. ಕೊನೆಯ ಸರಾಸರಿಯಲ್ಲಿ ಸ್ಟ್ರೆಲ್ ಅನುಪಾತ (ದೋಷವೇ ಇಲ್ಲದ ಕನ್ನಡಿಗೆ 1 ಬರುವ ಅಳತೆ) 0.93ರ ಆಸುಪಾಸಿನಲ್ಲಿ ಬಂತು. ನನಗೆ ಎಚ್ಚರಿಕೆ ಹೇಳಿದ್ದ ಹಿರಿಯರು ಕಳೆದ ತಿಂಗಳು ತಮ್ಮ ಹತ್ತು ಇಂಚಿನ ಕನ್ನಡಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಅದರ ಮೇಲ್ಮೈ ಅಂಚಿನಲ್ಲಿ ಕೆಳಕ್ಕೆ ಬಾಗಿತ್ತು.