ಬ್ರಿಟನ್ನಿನಲ್ಲಿ ಹಿಮೋಗ್ಲೋಬಿನ್ ದಿಢೀರನೆ ಇಳಿದರೆ

ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್‌ನಲ್ಲಿ ಹಿಮೋಗ್ಲೋಬಿನ್ 92 ಎಂದು ನೋಡಿ 'ಪರವಾಗಿಲ್ಲ, ಚೆನ್ನಾಗೇ ಇದೆ' ಅಂದುಕೊಳ್ಳಬೇಡಿ. ಊರಿನ, ಅಂದರೆ ಭಾರತದ, ಲ್ಯಾಬ್‌ಗಳು ಡೆಸಿಲೀಟರಿಗೆ ಎಷ್ಟು ಗ್ರಾಂ ಎಂದು ಬರೆಯುತ್ತವೆ, ಇಲ್ಲಿ ಲೀಟರಿಗೆ. ಹತ್ತರಿಂದ ಭಾಗಿಸಿದರೆ ನಮಗೆ ಗೊತ್ತಿರುವ ಲೆಕ್ಕ ಸಿಗುತ್ತದೆ: 9.2. ಸಾಮಾನ್ಯವಾಗಿ ಗಂಡಸರಲ್ಲಿ 130ಕ್ಕಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 120ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ.

ಆದರೆ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಇಳಿಯಿತು ಎಂಬುದೇ ಹೆಚ್ಚು ಹೇಳುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮೂಳೆಮಜ್ಜೆ ಹೊಸ ಕಣ ಮಾಡುವುದನ್ನೇ ನಿಲ್ಲಿಸಿದರೂ ದಿನಕ್ಕೆ ಶೇ. 1ರಷ್ಟು ಕಣಗಳು ಮಾತ್ರ ಕಡಿಮೆಯಾಗುತ್ತವೆ. ಹಾಗಿರುವಾಗ 130 ಇದ್ದದ್ದು ಎರಡು ವಾರದಲ್ಲಿ 90ಕ್ಕೆ ಬಂತೆಂದರೆ, ಒಂದೋ ಎಲ್ಲೋ ರಕ್ತ ಸೋರುತ್ತಿದೆ, ಇಲ್ಲವೇ ಕಣಗಳು ಒಳಗೇ ಒಡೆಯುತ್ತಿವೆ. ಐಬುಪ್ರೊಫೆನ್, ಆಸ್ಪಿರಿನ್‌ಗಳಿಂದಾದ ಹೊಟ್ಟೆ ಹುಣ್ಣು ಸದ್ದಿಲ್ಲದೆ ಸೋರಬಹುದು. ಜಿ-6-ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇರುವವರಲ್ಲಿ ಕೆಲವು ಔಷಧಗಳೇ ಕಣ ಒಡೆಯುತ್ತವೆ. ಆಗ ಕಣ್ಣು ಹಳದಿಯಾಗಿ, ಮೂತ್ರ ಕಡುಕಂದಾಗುತ್ತದೆ.

ತೊಡಕಿರುವುದು ಇಲ್ಲೇ. ನಿಮ್ಮ ಊರಿನ ಹಳೆಯ ವರದಿಗಳು ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ, ಕಂಪ್ಯೂಟರಿನಲ್ಲಿ ಇರುವುದಿಲ್ಲ. ಅವರಿಗೆ ಕಾಣುವುದು ಇವತ್ತಿನ 92 ಮಾತ್ರ, ಇಳಿದದ್ದು ಕಾಣುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಾದರೂ ಸರಿ, ವರದಿ ತರಿಸಿಕೊಳ್ಳಿ. ಫೋನೆತ್ತುವ ರಿಸೆಪ್ಷನಿಸ್ಟ್ ಏನು ತೊಂದರೆ ಎಂದು ಕೇಳಿದರೆ ಬೇಸರ ಬೇಡ, ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವುದು ಅವರ ಕೆಲಸ. 'ಸುಸ್ತು' ಎಂದಷ್ಟೇ ಹೇಳಿದರೆ ಸರದಿ ಹಿಂದಕ್ಕೆ ಹೋಗಬಹುದು. 'ಹೋದ ತಿಂಗಳು 131 ಇತ್ತು, ಈಗ 92' ಎಂದೇ ಹೇಳಿ.

ರಕ್ತ ವಾಂತಿ, ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು: ಇವಕ್ಕೆ ಜಿಪಿಗೆ ಕಾಯದೆ ತುರ್ತು ಸಂಖ್ಯೆ 999. ಡಾಂಬರಿನಂತೆ ಕಪ್ಪಾಗಿ ಅಂಟಂಟಾದ ಮಲ ಕಂಡರೆ ಎ ಅಂಡ್ ಇ, ಅಂದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ. (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ.) ಅನುಮಾನವಿದ್ದರೆ ಎನ್‌ಎಚ್‌ಎಸ್ ಸಲಹಾ ಸಂಖ್ಯೆ 111. ಭಾಷೆ ತೊಡಕಾದರೆ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

'ರಕ್ತ ಯಾಕೆ ಏರಿಸುತ್ತಿಲ್ಲ?' ಎಂಬ ಅಸಮಾಧಾನ ನಮ್ಮವರಲ್ಲಿ ಸಾಮಾನ್ಯ. ರಕ್ತಸ್ರಾವವಿಲ್ಲದೆ, ಹೃದಯದ ತೊಂದರೆಯಿಲ್ಲದೆ ಸ್ಥಿರವಾಗಿರುವವರಿಗೆ ಇಲ್ಲಿ ಸಾಮಾನ್ಯವಾಗಿ 70ರ ಆಸುಪಾಸಿಗೆ ಇಳಿಯುವವರೆಗೂ ಏರಿಸುವುದಿಲ್ಲ. ಅದು ಜಿಪುಣತನವಲ್ಲ, ಪದ್ಧತಿಯೇ ಹಾಗೆ. ಕಬ್ಬಿಣದ ಕೊರತೆ ಖಚಿತವಾದರೆ ಫಿಟ್ ಎಂಬ ಮಲಪರೀಕ್ಷೆಯ ಕಿಟ್ ಕೈಗೆ ಬರಬಹುದು. ಕರುಳಿನ ಕ್ಯಾನ್ಸರ್ ಹುಡುಕಾಟ ಶುರುವಾಗುವುದೇ ಅದರಿಂದ, ಮುಜುಗರಪಟ್ಟು ಮೂಲೆಗಿಡಬೇಡಿ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಎ ಅಂಡ್ ಇ ಒಳಗಿನ ಚಿಕಿತ್ಸೆ ಅವರಿಗೂ ಉಚಿತ, ಆದರೆ ವಾರ್ಡಿಗೆ ಸೇರಿಸಿದ ಮೇಲೆ ಎನ್‌ಎಚ್‌ಎಸ್ ದರದ ಶೇ. 150ರಷ್ಟು ಬಿಲ್ಲು ಬರುತ್ತದೆ. ವಿಮೆ ಕೊಳ್ಳುವಾಗ ಮೊದಲಿನಿಂದ ಇರುವ ಕಾಯಿಲೆಗಳಿಗೂ ಅನ್ವಯಿಸುತ್ತದೆಯೇ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸಿ.