ಟಿಐಬಿಸಿ ಟೆಸ್ಟ್: ಮಾಡಿಸುವುದು ಹೇಗೆ, ರಿಪೋರ್ಟ್ ನೋಡುವುದು ಹೇಗೆ

ಹಿಮೊಗ್ಲೋಬಿನ್ ಕಡಿಮೆ ಬಂತು ಅಂದ ಕೂಡಲೇ ಮೆಡಿಕಲ್ ಸ್ಟೋರಿನಿಂದ ಐರನ್ ಮಾತ್ರೆ ತಂದು ನುಂಗುವವರೇ ಜಾಸ್ತಿ. ಸ್ವಲ್ಪ ತಡೆಯಿರಿ. ರಕ್ತಹೀನತೆಗೆ ಕಬ್ಬಿಣದ ಕೊರತೆ ಒಂದೇ ಕಾರಣ ಅಲ್ಲ. ನಿಮ್ಮ ಕಾರಣ ಯಾವುದು ಅಂತ ತಿಳಿಯೋಕೆ ಐರನ್ ಪ್ರೊಫೈಲ್ ಅನ್ನುವ ರಕ್ತಪರೀಕ್ಷೆ ಬೇಕು, ಅದರಲ್ಲಿ ಟಿಐಬಿಸಿ (ಟೋಟಲ್ ಐರನ್ ಬೈಂಡಿಂಗ್ ಕೆಪಾಸಿಟಿ, ಅಂದರೆ ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಅನ್ನುವ ಅಳತೆ) ಬರುತ್ತದೆ.

ಟೆಸ್ಟಿಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಹಿಂದಿನ ರಾತ್ರಿ ಊಟ ಬೇಗ ಮುಗಿಸಿ, ಆಮೇಲೆ ನೀರು ಮಾತ್ರ ಕುಡಿಯಿರಿ. ರಕ್ತದಲ್ಲಿನ ಕಬ್ಬಿಣ ಊಟಕ್ಕೆ, ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಈಗಾಗಲೇ ಐರನ್ ಮಾತ್ರೆ ತಗೊಳ್ಳುತ್ತಿದ್ದರೆ, ಮಲ್ಟಿವಿಟಮಿನ್ ಆದರೂ ಸರಿ, ಎಷ್ಟು ಹೊತ್ತು ಮುಂಚೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಗರ್ಭಿಣಿಯಾಗಿದ್ದರೆ ಅಥವಾ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಎರಡರಲ್ಲೂ ಟಿಐಬಿಸಿ ಏರುತ್ತದೆ. ತೋಳಿನಿಂದ ಒಂದು ಟ್ಯೂಬ್ ರಕ್ತ ತೆಗೆಯುತ್ತಾರೆ, ಅಷ್ಟೇ. ಸೀರಮ್ ಐರನ್ (ರಕ್ತದಲ್ಲಿ ಸದ್ಯ ಓಡಾಡುತ್ತಿರುವ ಕಬ್ಬಿಣ), ಟಿಐಬಿಸಿ ಜೊತೆಗೆ ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಪ್ರೋಟೀನ್) ಕೂಡ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ.

ಈಗ ರಿಪೋರ್ಟ್. ರಕ್ತದಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವುದು ಟ್ರಾನ್ಸ್‌ಫರಿನ್ ಅನ್ನುವ ಪ್ರೋಟೀನ್, ಅದನ್ನು ಮಾಡುವುದು ಲಿವರ್. ಇದನ್ನು ಬಸ್ಸು ಅಂದುಕೊಂಡರೆ, ಟಿಐಬಿಸಿ ಅಂದರೆ ಒಟ್ಟು ಸೀಟು, ಸೀರಮ್ ಐರನ್ ಅಂದರೆ ಕೂತಿರುವ ಜನ. ದೇಹದಲ್ಲಿ ಕಬ್ಬಿಣ ಕಮ್ಮಿಯಾದಾಗ ಲಿವರ್ ಬಸ್ಸು ಜಾಸ್ತಿ ಬಿಡುತ್ತದೆ. ಹಾಗಾಗಿ ಟಿಐಬಿಸಿ ಜಾಸ್ತಿ ಬಂದಿದೆ ಅಂತ ಖುಷಿಪಡಬೇಡಿ, ಅದು ಬಹುಮಟ್ಟಿಗೆ ಕೊರತೆಯ ಗುರುತು.

ಸಾಮಾನ್ಯವಾಗಿ ಟಿಐಬಿಸಿ ಡೆಸಿಲೀಟರಿಗೆ 240ರಿಂದ 450 ಮೈಕ್ರೋಗ್ರಾಂ ಇರುತ್ತದೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬೇರೆ. ಐರನ್ನನ್ನು ಟಿಐಬಿಸಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸ್ಯಾಚುರೇಶನ್, ಅಂದರೆ ಶೇಕಡಾ ಎಷ್ಟು ಸೀಟು ತುಂಬಿದೆ ಅನ್ನುವುದು, ಸಿಗುತ್ತದೆ. ಇಬ್ಬರಿಗೂ ಐರನ್ ಕಡಿಮೆ, 35 ಬಂದಿದೆ ಅಂದುಕೊಳ್ಳಿ. ಒಬ್ಬರ ಟಿಐಬಿಸಿ 480, ಸ್ಯಾಚುರೇಶನ್ ಸುಮಾರು 7%, ಫೆರಿಟಿನ್ ಕೂಡ ಕಡಿಮೆ: ಇದು ಕಬ್ಬಿಣದ ಕೊರತೆಯೇ. ಇನ್ನೊಬ್ಬರ ಟಿಐಬಿಸಿ 200, ಫೆರಿಟಿನ್ ಜಾಸ್ತಿ: ಇಲ್ಲಿ ದೀರ್ಘಕಾಲದ ಉರಿಯೂತವೋ ಕಿಡ್ನಿ ತೊಂದರೆಯೋ ಇರಬಹುದು, ಕಬ್ಬಿಣ ಒಳಗೆ ಇದ್ದರೂ ಬಳಕೆಗೆ ಸಿಗುತ್ತಿಲ್ಲ. ಐರನ್ ಒಂದನ್ನೇ ನೋಡಿದ್ದರೆ ಇಬ್ಬರಿಗೂ ಅದೇ ಮಾತ್ರೆ ಕೊಡುತ್ತಿದ್ದರು ಅಲ್ವಾ? ಸ್ಯಾಚುರೇಶನ್ 45% ದಾಟಿದರೆ ಕಬ್ಬಿಣ ಹೆಚ್ಚಾಗಿರಬಹುದು, ಆಗಂತೂ ಸುಮ್ನೆ ಮಾತ್ರೆ ನುಂಗಲೇಬಾರದು.

ಜ್ವರ, ಸೋಂಕು ಇದ್ದಾಗ ಫೆರಿಟಿನ್ ತಾನಾಗಿ ಏರಿ ಕೊರತೆಯನ್ನು ಮರೆಮಾಡುತ್ತದೆ. ಆದ್ದರಿಂದ ತುರ್ತಿಲ್ಲದಿದ್ದರೆ ಚೇತರಿಸಿಕೊಂಡ ಮೇಲೆ ಮಾಡಿಸಿ.

ಕೊರತೆ ಖಚಿತವಾದರೆ ಕಾರಣ ಹುಡುಕಿಸುವುದನ್ನು ಬಿಡಬೇಡಿ. ಹೆಣ್ಣುಮಕ್ಕಳಲ್ಲಿ ಮುಟ್ಟಿನ ಅತಿ ರಕ್ತಸ್ರಾವ ಇರಬಹುದು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಹೊಟ್ಟೆ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆಯಾ ಅಂತ ನೋಡಲೇಬೇಕು. ಮಾತ್ರೆಯನ್ನು ಕಾಫಿ, ಟೀ ಜೊತೆ ತಗೊಳ್ಳಬೇಡಿ. ಹಿಮೊಗ್ಲೋಬಿನ್ ಸರಿಯಾಯಿತು ಅಂತ ಅಲ್ಲಿಗೇ ನಿಲ್ಲಿಸಲೂ ಬೇಡಿ. ದೇಹದ ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ ಸುಮಾರು 3 ತಿಂಗಳು ಮಾತ್ರೆ ಬೇಕಾಗುತ್ತದೆ.