ಬಿವಿ ಚೀಲ ಕೊಳ್ಳುವ ಮುಂಚೆ

ಚಳಿಗಾಲದಲ್ಲಿ ಹಿಮಾಲಯಕ್ಕೆ ಹೊರಟ ಗೆಳೆಯರು "ಯಾವ ಬಿವಿ ತಗೊಳ್ಳಲಿ?" ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ಬೇಕಂತಲೇ ಅದರಲ್ಲಿ ಮಲಗೋಕೆ ಹೋಗ್ತಿದ್ದೀರಾ, ಇಲ್ಲಾ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇರಲಿ ಅಂತಾನಾ? ಎರಡಕ್ಕೂ ಬೇರೆ ಬೇರೆ ಚೀಲ ಬೇಕು.

ಬಿವಿ ಅಂದರೆ ಒಬ್ಬರು ಒಳಗೆ ತೂರಿಕೊಳ್ಳುವ ಚೀಲ, ಅಷ್ಟೆ. ಟೆಂಟ್ ಇಲ್ಲದಾಗ ಗಾಳಿ ಮತ್ತು ಹಿಮವನ್ನು ತಡೆಯುತ್ತದೆ. ತಾನಾಗಿ ಬಿಸಿ ಕೊಡುವುದಿಲ್ಲ. ಮೊದಲನೇ ಬಗೆಯದು ಸ್ಲೀಪಿಂಗ್ ಬ್ಯಾಗಿನ ಮೇಲೆ ಹಾಕಿಕೊಳ್ಳುವಂಥದ್ದು. ನೀರು ತಡೆದು ಆವಿಯನ್ನು ಹೊರಗೆ ಬಿಡುವ ಗೋರ್‌ಟೆಕ್ಸ್ ಥರದ ಬಟ್ಟೆ, ತೂಕ ಹೆಚ್ಚುಕಮ್ಮಿ ಅರ್ಧ ಕಿಲೋ. ಎರಡನೆಯದು ಬೆಳ್ಳಿ ಬಣ್ಣದ ಒಳಮೈ ಇರುವ ತುರ್ತು ಚೀಲ. ತೀರಾ ತೆಳುವಾದದ್ದು ನೂರು ಗ್ರಾಂ ಆಸುಪಾಸು ಇರುತ್ತದೆ. ಬೆವರಿನ ಆವಿ ಹೊರಗೆ ಬಿಡುವಂಥದ್ದು ಬೇಕೆಂದರೆ ಇನ್ನೂರೈವತ್ತರ ಹತ್ತಿರ.

ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಎರಡನೆಯದೇ. ಉತ್ತರಾಖಂಡದ ಕೇದಾರಕಂಠ ಶಿಖರವನ್ನೇ ನೋಡಿ. ತುದಿ ಸುಮಾರು 3,800 ಮೀಟರ್. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಹೊರಡುವಾಗ ಟೆಂಟ್, ಸ್ಲೀಪಿಂಗ್ ಬ್ಯಾಗ್ ಎಲ್ಲ ಕ್ಯಾಂಪಿನಲ್ಲೇ ಉಳಿಯುತ್ತವೆ. ಹಿಂದಿನ ದಿನ ದೊಡ್ಡ ಬ್ಯಾಗು ಹೇಸರಗತ್ತೆ ಮೇಲೆ ಬಂದಿರುತ್ತದೆ. ದಾರಿ ತಪ್ಪುವುದು, ಕಾಲು ಉಳುಕುವುದು ಇಂಥ ಹೊತ್ತಿನಲ್ಲೇ ಅಲ್ವಾ? ಹಾಗಾಗಿ ಬೆನ್ನ ಮೇಲಿನ ಸಣ್ಣ ಬ್ಯಾಗಿನಲ್ಲಿ ಹಿಡಿಯದ ಬಿವಿ ಎಷ್ಟೇ ಒಳ್ಳೆಯದಿದ್ದರೂ ನನಗೆ ಬೇಡ. ಚಳಿಗಾಲಕ್ಕೆ ಮಾತ್ರ ಸಾಕು ಅಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ಕರ್ನಾಟಕದ ಒಂಬತ್ತು ಜನ ತೀರಿಕೊಂಡರು. ಬಿವಿ ಇದ್ದಿದ್ದರೆ ಹೀಗಾಗ್ತಿತ್ತು ಹಾಗಾಗ್ತಿತ್ತು ಎಂದು ಇಲ್ಲಿ ಕೂತು ಹೇಳುವುದು ಸರಿಯಲ್ಲ. ಆದರೆ ಅಲ್ಲಿ ಯಾವ ತಿಂಗಳೂ ಬೇಸಿಗೆಯಲ್ಲ.

ಅಂಗಡಿಯವರು ನೀರು ಒಳಗೆ ಬರಲ್ಲ ಎಂದು ತೋರಿಸುತ್ತಾರೆ. ನಾನು ಕೇಳುವುದು ಒಳಗಿನ ನೀರು ಹೊರಗೆ ಹೋಗುತ್ತದಾ ಎಂದು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಬೀಳುವ ಹಿಮ ಒಣ ಪುಡಿ, ಕೊಡವಿದರೆ ಉದುರುತ್ತದೆ. ಒದ್ದೆ ಮಾಡುವುದು ನಮ್ಮದೇ ಉಸಿರು ಮತ್ತು ಬೆವರು. ಆವಿ ಬಟ್ಟೆಯ ಒಳಮೈಗೆ ತಾಗಿ ಮಂಜುಗಟ್ಟುತ್ತದೆ, ಅಲುಗಾಡಿದಾಗ ಜಾಕೆಟ್ ಮೇಲೆ ಉದುರಿ ಕರಗುತ್ತದೆ. ಹಕ್ಕಿಯ ಮೆತ್ತನೆ ಪುಕ್ಕ ತುಂಬಿದ ಡೌನ್ ಜಾಕೆಟ್ ಒದ್ದೆಯಾದರೆ ಗಂಟುಗಂಟಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅದಕ್ಕೇ ಬಿವಿ ರಾತ್ರಿಗೆ ಸಿಂಥೆಟಿಕ್ ಜಾಕೆಟ್ಟೇ ನನ್ನ ಆಯ್ಕೆ. ಎಂಥ ದುಬಾರಿ ಬಟ್ಟೆಯೂ ಆ ಚಳಿಯಲ್ಲಿ ಪೂರ್ತಿ ಒಣಗಿರಲ್ಲ. ಆದ್ದರಿಂದ ಮೂಗು, ಬಾಯಿ ಯಾವಾಗಲೂ ಚೀಲದ ಹೊರಗೆ. ಉಸಿರುಗಟ್ಟುವ ಭಯವೂ ಇರಲ್ಲ.

ಬಟ್ಟೆಯನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಬಹುದು. ಲೋಟದಲ್ಲಿ ಬಿಸಿ ನೀರು ಹಾಕಿ, ಚೀಲದ ಒಂದು ಪದರವನ್ನು, ಒಳಮೈ ಕೆಳಗೆ ಬರುವಂತೆ, ಲೋಟದ ಬಾಯಿಗೆ ಬಿಗಿಯಾಗಿ ಹಿಡಿದು, ಅದರ ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಇಡಿ. ನೀರು ಬಟ್ಟೆಗೆ ತಾಗಬಾರದು. ಸ್ವಲ್ಪ ಹೊತ್ತಿನಲ್ಲಿ ತಟ್ಟೆ ಮಂಜಾದರೆ ಆವಿ ದಾಟುತ್ತಿದೆ. ತೆಳು ಫಾಯಿಲ್ ಚೀಲದಲ್ಲಿ ತಟ್ಟೆ ಹಾಗೇ ಇರುತ್ತದೆ.

ಅಳತೆ ಇನ್ನೊಂದು ತಲೆನೋವು. ನಾನು ಆರಡಿ ಒಂದಿಂಚು. ಭುಜದವರೆಗೆ ಬಂದು ನಿಲ್ಲುವ ಚೀಲಗಳೇ ಜಾಸ್ತಿ ಸಿಗುತ್ತವೆ. ನಿಮ್ಮ ಎತ್ತರಕ್ಕಿಂತ ಒಂದಡಿಯಾದರೂ ಉದ್ದ ಇರಲಿ, ಬೂಟು ಒಳಗೇ ಇಟ್ಟುಕೊಳ್ಳಬೇಕು. ಹೊರಗೆ ಬಿಟ್ಟ ಬೂಟು ಬೆಳಗ್ಗೆ ಕಲ್ಲಾಗಿರುತ್ತದೆ. ಅಗಲ ಕಡಿಮೆಯಾದರೆ ಜಾಕೆಟ್ ಅಥವಾ ಸ್ಲೀಪಿಂಗ್ ಬ್ಯಾಗು ಅಮುಕಿ ತೆಳುವಾಗುತ್ತದೆ, ಚಳಿ ನೇರ ಮೈಗೆ ಬರುತ್ತದೆ.

ಜಿಪ್ಪನ್ನು ದಪ್ಪ ಗ್ಲೌಸ್ ಹಾಕಿಕೊಂಡು, ಕಣ್ಣು ಮುಚ್ಚಿ ತೆಗೆದು ನೋಡಿ. ಎಳೆಯುವ ತುದಿ ಸಣ್ಣದಾಗಿದ್ದರೆ ದಾರ ಕಟ್ಟಿ. ಹೊರಬಣ್ಣ ಕಿತ್ತಳೆ ಅಥವಾ ಕೆಂಪು. ಹಗ್ಗ ಕಟ್ಟಿಕೊಂಡು ಹತ್ತುವವರು ಹಾರ್ನೆಸ್ (ಹಗ್ಗ ಸಿಕ್ಕಿಸಲು ಸೊಂಟಕ್ಕೆ ಕಟ್ಟಿಕೊಳ್ಳುವ ಪಟ್ಟಿ) ಬಿಚ್ಚದೆ ಒಳಗೆ ಹೋಗಿ, ಹಗ್ಗವನ್ನು ಚೀಲದ ಬಾಯಿಯಿಂದ ಹೊರತರಲು ಆಗುತ್ತದಾ ಎಂದು ನೋಡಲೇಬೇಕು.

ನೆಲದ ಚಳಿಗೆ ಬಿವಿ ಏನೂ ಮಾಡಲ್ಲ. ಸೊಂಟದಿಂದ ಮೇಲಕ್ಕೆ ಫೋಮ್ ಮ್ಯಾಟ್ ತುಂಡು, ಕಾಲಿನ ಕೆಳಗೆ ಖಾಲಿ ಬ್ಯಾಗು. ಸ್ಟವ್ ಒಳಗೆ ಬೇಡವೇ ಬೇಡ. ಅದರಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮೂರ್ನಾಲ್ಕು ಜನ ಒಟ್ಟಿಗೇ ಇರುವುದು ಖಚಿತವಾದರೆ ಎಲ್ಲರೂ ತಲೆಯ ಮೇಲಿಂದ ಎಳೆದುಕೊಂಡು ಕೂರುವ ಗುಂಪು ಚೀಲವೂ ಒಂದಿರಲಿ. ಗಾಯವಾದವರನ್ನು ನೋಡಿಕೊಳ್ಳಲು ಅದೇ ವಾಸಿ.

ಫಾಯಿಲ್ ಚೀಲವನ್ನು ಒಮ್ಮೆ ಬಿಚ್ಚಿದರೆ ಮತ್ತೆ ಆ ಸಣ್ಣ ಕವರಿಗೆ ತುರುಕಲು ಆಗುವುದಿಲ್ಲ, ಮಡಿಕೆಗಳಲ್ಲಿ ಹರಿಯುತ್ತದೆ ಕೂಡ. ಮನೆಯಲ್ಲಿ ಅಭ್ಯಾಸಕ್ಕೆ ಒಂದು, ಬ್ಯಾಗಿನ ಮೇಲ್ಜೇಬಿಗೆ ಇನ್ನೊಂದು ತಗೊಳ್ಳಿ.